ಅರಗಿನಲ್ಲಿ ಉಳಿದ ದನಿ : ಜೋ ಆಲಿವರನ ಜೀವನ

ಚಿತ್ರಕಾರನು ತೀರಿಕೊಂಡರೆ ಆತನ ಪಟವು ಗೋಡೆಯ ಮೇಲೆ ಉಳಿಯುತ್ತದೆ. ಕವಿಯು ತೀರಿಕೊಂಡರೆ ಆತನ ಓಲೆಯು ಕಟ್ಟಿನಲ್ಲಿ ಉಳಿಯುತ್ತದೆ. ಸಂಗೀತಗಾರನ ಪಾಡು ಹಾಗಲ್ಲ. ಹುಟ್ಟಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಲೀನವಾಗುವುದು ನಾದದ ಧರ್ಮ. ಬಹುಕಾಲದವರೆಗೆ ಅದಕ್ಕೆ ಒಂದೇ ಒಂದು ಮನೆಯಿತ್ತು; ಅದು ಶಿಷ್ಯನ ಅಭ್ಯಾಸ. ಗ್ರಾಮಾಫೋನು ಬಳಕೆಗೆ ಬಂದ ಮೇಲೆ ನಾದಕ್ಕೆ ಎರಡನೆಯ ಮನೆಯೊಂದು ದೊರೆಯಿತು; ಅದು ಅರಗಿನ ತಟ್ಟೆ. ಅಮೆರಿಕೆಯ ಜೋ ಆಲಿವರನು ಈ ಎರಡು ಮನೆಗಳಲ್ಲಿಯೂ ಇಂದಿಗೂ ಬಾಳುತ್ತಿದ್ದಾನೆ. ಆದರೆ ಬದುಕಿದ್ದಾಗ ಆತನ ಮುಪ್ಪಿಗೆ ಒಂದು ನೆಟ್ಟನೆಯ ಸೂರೂ ಇರಲಿಲ್ಲ. ಈ ವಿಪರ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕೆಂದು ಬಗೆದು ಆತನ ಚರಿತ್ರೆಯನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಅಮೆರಿಕೆಯ ದಕ್ಷಿಣದಲ್ಲಿ ಮಿಸಿಸಿಪಿ ಮಹಾನದಿಯು ಕಡಲನ್ನು ಸೇರುವ ಪ್ರಾಂತಕ್ಕೆ ಲೂಯಿಸಿಯಾನವೆಂದು ಹೆಸರು. ಅಲ್ಲಿಯ ದೊಡ್ಡ ಪಟ್ಟಣ ನ್ಯೂ ಆರ್ಲಿಯನ್ಸ್. ಆಫ್ರಿಕಾ ಖಂಡದಿಂದ ಗುಲಾಮರಾಗಿ ಬಂದವರ ಮೊಮ್ಮಕ್ಕಳು ಈ ಪಟ್ಟಣದಲ್ಲಿ ಹಿತ್ತಾಳೆಯ ವಾದ್ಯಗಳನ್ನು ಹಿಡಿದು ಮೆರವಣಿಗೆಗೂ ಕುಣಿತಕ್ಕೂ ಶವಯಾತ್ರೆಗೂ ನುಡಿಸುತ್ತಿದ್ದರು. ಜಾಜ್ ಎಂಬ ಸಂಗೀತವು ಅವರ ನಡುವೆ ಹುಟ್ಟಿತು. ಒಂದು ಧಾಟಿಯನ್ನು ಮುಂದಿಟ್ಟುಕೊಂಡು ಪ್ರತಿಯೊಬ್ಬ ವಾದಕನೂ ಅದರ ಸುತ್ತ ಆಗಿಂದಾಗ್ಗೆ ತನಗೆ ತೋರಿದುದನ್ನು ಹೆಣೆಯುತ್ತ ಹೋಗುವುದು ಅದರ ರೀತಿ. ನಮ್ಮ ಸಂಗೀತದಲ್ಲಿ ಮನೋಧರ್ಮವೆಂದು ಕರೆಯುವುದನ್ನು ನಾಲ್ಕಾರು ಮಂದಿ ಏಕಕಾಲದಲ್ಲಿ, ಒಬ್ಬರ ದಾರಿಗೆ ಒಬ್ಬರು ಅಡ್ಡಬಾರದಂತೆ ನಡೆಸಿದರೆ ಹೇಗಿರಬಹುದೆಂದು ಊಹಿಸಿಕೊಂಡರೆ ಜಾಜಿನ ಮೊದಲ ಕಾಲದ ಸ್ವರೂಪವು ಸ್ಥೂಲವಾಗಿ ತಿಳಿಯುತ್ತದೆ.

ಜೋ ಆಲಿವರನು 19ನೆಯ ಶತಮಾನದ ಎಂಬತ್ತರ ದಶಕದಲ್ಲಿ ಲೂಯಿಸಿಯಾನದಲ್ಲಿ ಜನಿಸಿದನು. ತಾಯಿ ತೀರಿಕೊಂಡ ಮೇಲೆ ಅಕ್ಕ ವಿಕ್ಟೋರಿಯಳು ಆತನನ್ನು ಸಾಕಿದಳು. ಆತನಿಗೆ ಒಂದು ಕಣ್ಣಿನ ದೃಷ್ಟಿಯಿರಲಿಲ್ಲ. ಟೋಪಿಯನ್ನು ಓರೆಯಾಗಿ ಆ ಕಣ್ಣಿನ ಮೇಲಕ್ಕೆ ಇಳಿಬಿಟ್ಟು ನುಡಿಸುವುದು ಆತನ ರೂಢಿಯಾಗಿತ್ತು. ಕಲಿಕೆಯಲ್ಲಿ ಆತನು ಬಹಳ ನಿಧಾನಿಯೆಂದು ಜೊತೆಯಲ್ಲಿದ್ದವರು ಹೇಳಿದ್ದಾರೆ. ಹಗಲೆಲ್ಲ ಬಿಳಿಯರ ಮನೆಯಲ್ಲಿ ಚಾಕರಿ, ಇರುಳು ವಾದ್ಯ. ಹೀಗೆ ವರ್ಷಗಟ್ಟಲೆ ನಡೆದ ಮೇಲೆ ಆತನಿಗೆ ಕಾರ್ನೆಟ್ ಒಲಿಯಿತು. ಕಾರ್ನೆಟ್ ಎಂಬುದು ಟ್ರಂಪೆಟ್ಟಿಗಿಂತ ಮೋಟಾದ, ಮೂರು ಬಿರಟೆಗಳ, ಹಿತ್ತಾಳೆಯ ಊದುವಾದ್ಯ. ಆಲಿವರನು ಅದರ ಬಾಯಿಗೆ ಬಟ್ಟಲು, ಗಾಜಿನ ಲೋಟ, ಬಕೆಟ್ಟು ಮುಂತಾದುವನ್ನು ಮುಚ್ಚಿ ತೆರೆದು ಅದನ್ನು ಮನುಷ್ಯರಂತೆ ಮಾತನಾಡಿಸಬಲ್ಲವನಾದನು, ಹಸುಗೂಸಿನಂತೆ ಅಳಿಸಬಲ್ಲವನಾದನು. ಕಿಡ್ ಓರಿಯೆಂಬ ವಾದಕನ ಮೇಳದಲ್ಲಿದ್ದಾಗ ಆತನಿಗೆ ಕಿಂಗ್, ಅಂದರೆ ಅರಸು, ಎಂಬ ಬಿರುದು ಬಂದಿತು. ಆ ಊರಿನಲ್ಲಿ ಇಂಥ ಬಿರುದನ್ನು ಯಾವ ಆಸ್ಥಾನವೂ ಕೊಡುತ್ತಿರಲಿಲ್ಲ. ಬೀದಿಯ ಜನರೇ ಕೊಡುತ್ತಿದ್ದರು.

ಆ ಬೀದಿಯ ಜನರಲ್ಲಿ ಒಬ್ಬ ಹುಡುಗನಿದ್ದನು. 1901ರಲ್ಲಿ ಹುಟ್ಟಿದ ಆತನ ಹೆಸರು ಲೂಯಿ ಆರ್ಮ್‌ಸ್ಟ್ರಾಂಗ್. ಕಡುಬಡವರ ಮಗ, ಹೊಸವರ್ಷದ ಸಂಭ್ರಮದ ರಾತ್ರಿಯಲ್ಲಿ ಪಿಸ್ತೂಲು ಹಾರಿಸಿ ಬಾಲಾಪರಾಧಿಗಳ ಶಾಲೆಯನ್ನು ಸೇರಿದವನು. ಆ ಶಾಲೆಯಲ್ಲಿಯೇ ಆತನಿಗೆ ಕಾರ್ನೆಟ್ಟಿನ ಮೊದಲ ಪಾಠವಾಯಿತು. ಬಿಡುಗಡೆಯಾದ ಮೇಲೆ ಆತನು ಆಲಿವರನ ಬೆನ್ನು ಹತ್ತಿದನು. ಮೆರವಣಿಗೆಯಲ್ಲಿ ಆತನ ಪಕ್ಕದಲ್ಲಿಯೇ ನಡೆಯುವನು. ಆತನ ಹೆಂಡತಿ ಸ್ಟೆಲ್ಲಳಿಗೆ ಅಂಗಡಿಯಿಂದ ಸಾಮಾನು ತಂದುಕೊಡುವನು. ಆಕೆಯು ಹುಡುಗನಿಗೆ ಹೊಟ್ಟೆತುಂಬ ಊಟವಿಡುವಳು. ಆಲಿವರನು ಪಾಠ ಹೇಳುವನು. ನಮ್ಮ ನಾಡಿನ ಹಳೆಯ ಗುರುಕುಲದ ಕ್ರಮವೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಒಂದು ದಿನ ಆಲಿವರನು ತಾನು ಬಳಸುತ್ತಿದ್ದ ಹಳೆಯ ಕಾರ್ನೆಟ್ಟನ್ನು ಹುಡುಗನ ಕೈಗೆ ಇಟ್ಟನು. ಮುಂದೆ ಲೋಕವಿಖ್ಯಾತನಾದ ಆರ್ಮ್‌ಸ್ಟ್ರಾಂಗನು ತನ್ನ ಬಾಳಿನುದ್ದಕ್ಕೂ ಗುರುವನ್ನು ತಂದೆಯ ಸ್ಥಾನದಲ್ಲಿಟ್ಟೇ ನೆನೆಯುತ್ತಿದ್ದನು.

1917ರಲ್ಲಿ ನ್ಯೂ ಆರ್ಲಿಯನ್ಸಿನ ಪ್ರಸಿದ್ಧ ವಿಲಾಸಕೇರಿಯನ್ನು ಸರ್ಕಾರವು ಮುಚ್ಚಿಸಿತು. ಅದೇ ಕಾಲದಲ್ಲಿ ದಕ್ಷಿಣದ ಕಪ್ಪು ಜನರು ಉದ್ಯೋಗವನ್ನು ಅರಸಿ ಸಾವಿರಗಟ್ಟಲೆಯಾಗಿ ಉತ್ತರದ ಕಾರ್ಖಾನೆಯ ಪಟ್ಟಣಗಳಿಗೆ ಹೋಗತೊಡಗಿದ್ದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರಸ್ಥಳಕ್ಕೆ ಬಂದವರು ಮೊದಲು ಹುಡುಕುವುದು ಬಾಡಿಗೆಯ ಕೋಣೆಯನ್ನು, ಎರಡನೆಯದಾಗಿ ಹುಡುಕುವುದು ತಮ್ಮ ಊರಿನ ದನಿಯನ್ನು. ಈ ಮಾತನ್ನು ಕನ್ನಡ ನಾಡಿನಿಂದ ದೂರವಿರುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಲಿವರನೂ ಅವರ ಹಿಂದೆಯೇ ಚಿಕಾಗೊ ನಗರಕ್ಕೆ ಹೋದನು. ಓರಿಯ ಮೇಳದಲ್ಲಿ ಬರಿದಾದ ಆತನ ಸ್ಥಾನಕ್ಕೆ ಆರ್ಮ್‌ಸ್ಟ್ರಾಂಗನು ಬಂದನು.

ಚಿಕಾಗೊ ನಗರದ ಲಿಂಕನ್ ಗಾರ್ಡನ್ಸ್ ಎಂಬ ನೃತ್ಯಶಾಲೆಯಲ್ಲಿ 1922ರಲ್ಲಿ ಆಲಿವರನ ಕ್ರಿಯೋಲ್ ಜಾಜ್ ಮೇಳವು ನುಡಿಸುತ್ತಿದ್ದಿತು. ಕ್ಲಾರಿನೆಟ್ಟಿಗೆ ಜಾನಿ ಡಾಡ್ಸ್, ನಗಾರಿಗಳಿಗೆ ಆತನ ತಮ್ಮ ಬೇಬಿ ಡಾಡ್ಸ್, ಟ್ರಾಂಬೋನಿಗೆ ಡ್ಯೂಟ್ರಿ, ಪಿಯಾನೊ ವಾದ್ಯಕ್ಕೆ ಲಿಲ್ ಹಾರ್ಡಿನ್ ಎಂಬ ತರುಣಿ. ಮೇಳವು ತುಂಬಿಯೇ ಇದ್ದಿತು. ಕಾರ್ನೆಟ್ಟಿಗೆ ಆಲಿವರನೇ ಇದ್ದನು. ಆದರೂ ಆ ವರ್ಷದ ಬೇಸಗೆಯಲ್ಲಿ ಆತನು ತಂತಿ ಕಳುಹಿಸಿ ಶಿಷ್ಯನನ್ನು ಕರೆಸಿಕೊಂಡನು. ಎರಡನೆಯ ಕಾರ್ನೆಟ್ಟಾಗಿ ಆರ್ಮ್‌ಸ್ಟ್ರಾಂಗನು ಗುರುವಿನ ಪಕ್ಕದಲ್ಲಿ ಕುಳಿತನು. ಶಿಷ್ಯನು ತನ್ನನ್ನು ಮೀರಿದ್ದಾನೆಂಬುದನ್ನು ಗುರುವು ಬೇಗನೆ ಕಂಡುಕೊಂಡನು. ತನ್ನ ಜೊತೆಯಲ್ಲಿ ಇರುವವರೆಗೆ ಈ ಹುಡುಗನಿಂದ ತನ್ನ ಪಟ್ಟಕ್ಕೆ ಧಕ್ಕೆಯಿಲ್ಲವೆಂದು ಆಲಿವರನು ಆಡಿದುದಾಗಿ ಲಿಲ್ ಹಾರ್ಡಿನ್ನಳು ಮುಂದೆ ನೆನೆದಿದ್ದಾಳೆ. ಅನ್ನವಿಟ್ಟು ವಾದ್ಯ ಕೊಟ್ಟ ಔದಾರ್ಯವೂ, ಹಿಂದಿನ ಸಾಲಿನಲ್ಲಿಯೇ ಇರಲೆಂಬ ಅಳುಕೂ ಒಂದೇ ಎದೆಯಲ್ಲಿದ್ದುವು. ಪಾಠ ಹೇಳುವ ವೃತ್ತಿಯಲ್ಲಿರುವವರು ಇದನ್ನು ಓದಿ ಆಶ್ಚರ್ಯಪಡಲಾರರು. ನಾವೂ ಪಡಲಿಲ್ಲ.

ಇಬ್ಬರ ನುಡಿಸಾಣಿಕೆಯಲ್ಲಿ ಕೇಳುವವರನ್ನು ಬೆರಗುಗೊಳಿಸುತ್ತಿದ್ದ ಅಂಶವೊಂದಿತ್ತು. ಮೇಳವು ತಟಕ್ಕನೆ ನಿಲ್ಲುವುದು. ಆ ಬಿಡುವಿನಲ್ಲಿ ಎರಡು ಕಾರ್ನೆಟ್ಟುಗಳು ಮಾತ್ರ ಒಂದೇ ಪಲುಕನ್ನು ಎರಡು ಸ್ಥಾಯಿಯಲ್ಲಿ, ಕೂದಲೆಳೆಯಷ್ಟೂ ತಪ್ಪದೆ, ಜೊತೆಯಾಗಿ ನುಡಿಸುವುವು. ಮುಂಚಿತವಾಗಿ ಬರೆದುಕೊಂಡದ್ದಲ್ಲ, ಹೊಸದಾಗಿ ಹುಟ್ಟಿದ್ದು. ಇದರ ಗುಟ್ಟು ಸರಳವಾದದ್ದು. ಮೇಳವು ಭರದಿಂದ ಸಾಗುತ್ತಿರುವಾಗಲೇ ಆಲಿವರನು ಶಿಷ್ಯನ ಕಡೆಗೆ ವಾಲಿ, ಮುಂದೆ ಬರುವ ಪಲುಕನ್ನು ಬಿರಟೆಗಳ ಮೇಲೆ ಬೆರಳಾಡಿಸಿ ತೋರುತ್ತಿದ್ದನು. ಶಿಷ್ಯನು ಅದಕ್ಕೆ ಒಪ್ಪುವ ಕೆಳಗಿನ ಸ್ವರಗಳನ್ನು ಕ್ಷಣದಲ್ಲಿ ಹೊಂದಿಸಿಕೊಳ್ಳುತ್ತಿದ್ದನು.

1923ರ ಏಪ್ರಿಲ್ 5 ಮತ್ತು 6ರಂದು ಈ ಮೇಳವು ಇಂಡಿಯಾನ ಪ್ರಾಂತದ ರಿಚ್ಮಂಡ್ ಎಂಬ ಊರಿಗೆ ಹೋಯಿತು. ಅಲ್ಲಿಯ ಪಿಯಾನೊ ಕಾರ್ಖಾನೆಯೊಂದು ಜೆನೆಟ್ ಎಂಬ ಹೆಸರಿನ ಧ್ವನಿಮುದ್ರಿಕೆಗಳನ್ನು ತಯಾರಿಸುತ್ತಿದ್ದಿತು. ಆ ಕಾಲದಲ್ಲಿ ವಿದ್ಯುತ್ತಿನ ಮೈಕ್ರೋಫೋನು ಮುದ್ರಣಕ್ಕೆ ಬಂದಿರಲಿಲ್ಲ. ಅದು ಬಂದದ್ದು 1925ರಲ್ಲಿ. ವಾದಕರೆಲ್ಲರೂ ದೊಡ್ಡ ತಗಡಿನ ಕಹಳೆಯೊಂದರ ಬಾಯಿಗೆ ಇದಿರಾಗಿ ನಿಂತು ನುಡಿಸಬೇಕು; ಆ ನಾದದ ಬಲದಿಂದಲೇ ಸೂಜಿಯು ಅಲುಗಿ ಮೇಣದ ಫಲಕದಲ್ಲಿ ಗೆರೆ ಕೊರೆಯಬೇಕು. ದೊಡ್ಡ ನಗಾರಿಯನ್ನು ಬಾರಿಸಿದರೆ ಸೂಜಿಯು ಹಾರುತ್ತಿದ್ದುದರಿಂದ ಬೇಬಿ ಡಾಡ್ಸನು ಮರದ ತುಂಡುಗಳ ಮೇಲೆ ಕೈಯಾಡಿಸಿ ತೃಪ್ತನಾಗಬೇಕಾಯಿತು. ಕೊಠಡಿಯ ಪಕ್ಕದಲ್ಲಿಯೇ ರೈಲುಹಾದಿ. ಗಾಡಿಯು ಬಂದಾಗಲೆಲ್ಲ ಕೆಲಸವು ನಿಲ್ಲುತ್ತಿದ್ದಿತು. ಆರ್ಮ್‌ಸ್ಟ್ರಾಂಗನ ದನಿಯು ಗುರುವಿನ ದನಿಯನ್ನು ಮುಳುಗಿಸುತ್ತಿದ್ದುದರಿಂದ ಆತನನ್ನು ಉಳಿದವರಿಂದ ಹಲವು ಅಡಿ ದೂರದಲ್ಲಿ, ಹಿಂದೆ ನಿಲ್ಲಿಸಿದರು. ನೃತ್ಯಶಾಲೆಯಲ್ಲಿ ಒಂದೇ ಗತ್ತನ್ನು ಎಷ್ಟು ಹೊತ್ತು ಬೇಕಾದರೂ ಬೆಳೆಸುತ್ತಿದ್ದವರು ಇಲ್ಲಿ ಮೂರು ನಿಮಿಷದೊಳಗೆ ಮುಗಿಸಬೇಕಾಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ, 1930ರಲ್ಲಿ ನಮ್ಮ ಮೈಸೂರಿನಲ್ಲಿ ಕಣ್ಣುಮುಚ್ಚಿದ ಗೋಹರ್ ಜಾನಳೂ ರಾಗಗಳನ್ನು ಇದೇ ಕಟ್ಟಳೆಯೊಳಗೆ ಮಡಿಸಿ ಇಟ್ಟವಳು. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕಪ್ಪು ಜನರನ್ನು ದ್ವೇಷಿಸುವುದನ್ನೇ ವ್ರತವಾಗಿ ಮಾಡಿಕೊಂಡಿದ್ದ ಕೂ ಕ್ಲಕ್ಸ್ ಕ್ಲಾನ್ ಸಂಘದ ಹಾಡುಗಳನ್ನೂ ಇದೇ ಕಾರ್ಖಾನೆಯು ದುಡ್ಡು ಪಡೆದು ಅಚ್ಚುಹಾಕಿ ಕೊಡುತ್ತಿದ್ದಿತು.

ಆ ತಟ್ಟೆಗಳು ಅರಗಿನವು ಎಂದೆವು. ಮುತ್ತುಗ, ಕುಸುಮ ಮೊದಲಾದ ಮರಗಳ ಕೊಂಬೆಗಳಲ್ಲಿ ಸಣ್ಣ ಕೀಟವೊಂದು ಸುರಿಸುವ ಅಂಟೇ ಅರಗು. ಲೋಕಕ್ಕೆ ಬೇಕಾದ ಅರಗಿನ ಬಹುಭಾಗವು ಆಗ ಭಾರತದ ಕಾಡುಗಳಿಂದ, ವಿಶೇಷವಾಗಿ ಛೋಟಾ ನಾಗಪುರದ ಸೀಮೆಯಿಂದ, ಹೋಗುತ್ತಿದ್ದಿತು. ಅದಕ್ಕೆ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿ, ಕಾಸಿ, ಅಚ್ಚಿನಲ್ಲಿ ಒತ್ತಿದರೆ ತಟ್ಟೆಯಾಗುತ್ತಿದ್ದಿತು. ಪಾಂಡವರನ್ನು ಸುಡುವುದಕ್ಕೆಂದು ಕಟ್ಟಿದ ಅರಗಿನ ಮನೆಯ ಕಥೆಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಅದೇ ಅರಗು ಇಲ್ಲಿ ಆಲಿವರನ ಉಸಿರನ್ನು ಕಾಯುವ ಮನೆಯಾಯಿತು.

ಆ ವರ್ಷದಲ್ಲಿ ಜೆನೆಟ್, ಒಕೆ, ಕೊಲಂಬಿಯ, ಪ್ಯಾರಮೌಂಟ್ ಎಂಬ ನಾಲ್ಕು ಹೆಸರುಗಳಲ್ಲಿ ಮೇಳದ ಮೂವತ್ತಕ್ಕೂ ಮಿಕ್ಕ ಗತ್ತುಗಳು ಮುದ್ರಿತವಾದುವು. 'ಚೈಮ್ಸ್ ಬ್ಲೂಸ್' ಎಂಬುದರಲ್ಲಿ ಆರ್ಮ್‌ಸ್ಟ್ರಾಂಗನು ಮೊದಲ ಬಾರಿಗೆ ಒಂಟಿಯಾಗಿ ಕೇಳಿಬರುತ್ತಾನೆ. 'ಡಿಪ್ಪರ್‌ಮೌತ್ ಬ್ಲೂಸ್' ಆಲಿವರನ ಕೀರ್ತಿಸ್ತಂಭ. ನಾಲ್ಕು ಎಣಿಕೆಯ ಹನ್ನೆರಡು ಭಾಗಗಳು ಸೇರಿ ಅದರಲ್ಲಿ ಒಂದು ಆವರ್ತ. ಕ್ಲಾರಿನೆಟ್ಟಿನ ಸರದಿ ಮುಗಿದ ತರುವಾಯ ಆಲಿವರನು ವಾದ್ಯದ ಬಾಯನ್ನು ಮುಚ್ಚಿ ತೆರೆದು ಮೂರು ಆವರ್ತಗಳನ್ನು ನುಡಿಸುತ್ತಾನೆ. ಸ್ವರಗಳು ಹೆಚ್ಚಿಲ್ಲ, ಓಟವೂ ಇಲ್ಲ. ಒಂದೇ ಸ್ವರವನ್ನು ಹಿಂಡಿ, ಬಾಗಿಸಿ, ಬೇಡಿಕೊಳ್ಳುವವನಂತೆ ನುಡಿಸುತ್ತಾನೆ. ಮುಂದಿನ ಎಷ್ಟೋ ವಾದಕರು ಈ ಮೂರು ಆವರ್ತಗಳನ್ನು ಪಾಠದಂತೆ ಬಾಯಿಪಾಠ ಮಾಡಿದರು. ನ್ಯೂಯಾರ್ಕಿಗೆ ಹೋದ ಆರ್ಮ್‌ಸ್ಟ್ರಾಂಗನು 1925ರಲ್ಲಿ ಇದೇ ಗತ್ತನ್ನು ಫ್ಲೆಚರ್ ಹೆಂಡರ್ಸನನ ಮೇಳದೊಡನೆ ಬೇರೆ ಹೆಸರಿನಿಂದ ನುಡಿಸಿದಾಗ, ಹೊಸತನ್ನು ಕಲ್ಪಿಸುವ ಅಪಾರ ಶಕ್ತಿಯಿದ್ದರೂ, ಗುರುವಿನ ಮೂರು ಆವರ್ತಗಳ ಜಾಡನ್ನೇ ಹಿಡಿದನು.

ಇನ್ನು ಆಲಿವರನ ಇಳಿಗಾಲದ ಕಥೆ. ಧ್ವನಿಮುದ್ರಿಕೆಗಳಿಂದ ಬಂದ ಹಣದ ಹಂಚಿಕೆಯಲ್ಲಿ ಸಂಶಯ ಹುಟ್ಟಿ ಮೇಳವು ಒಡೆಯಿತು. 1924ರಲ್ಲಿ ಆರ್ಮ್‌ಸ್ಟ್ರಾಂಗನು ಲಿಲ್ ಹಾರ್ಡಿನ್ನಳನ್ನು ಮದುವೆಯಾದನು; ಆಕೆಯ ಒತ್ತಾಯದಂತೆ ಅದೇ ವರ್ಷ ಗುರುವಿನ ಮೇಳವನ್ನು ಬಿಟ್ಟನು. ಆಲಿವರನು ಬೇರೊಂದು ಮೇಳವನ್ನು ಕಟ್ಟಿ ಕೆಲವು ವರ್ಷ ವೈಭವದಿಂದ ನಡೆಸಿದನು. 1927ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ ಎಂಬ ಹೆಸರಾಂತ ಮನೋರಂಜನಶಾಲೆಯು ಆತನನ್ನು ಕರೆಯಿತು. ಹೇಳಿದ ಸಂಬಳವು ಮೇಳದ ವೆಚ್ಚಕ್ಕೆ ಸಾಲದೆಂದು ಆತನು ಒಪ್ಪಲಿಲ್ಲ. ಆ ಸ್ಥಾನಕ್ಕೆ ಡ್ಯೂಕ್ ಎಲಿಂಗ್ಟನನು ಬಂದನು. ಅಲ್ಲಿಂದ ನಡೆದ ರೇಡಿಯೋ ಪ್ರಸಾರಗಳಿಂದ ಆತನ ಹೆಸರು ದೇಶವನ್ನೆಲ್ಲ ಮುಟ್ಟಿತು.

1928ರ ಜೂನ್ 11ರಂದು ಆಲಿವರನು ತಾನೇ ರಚಿಸಿದ 'ವೆಸ್ಟ್ ಎಂಡ್ ಬ್ಲೂಸ್' ಎಂಬ ಗತ್ತನ್ನು ಮುದ್ರಿಸಿದನು. ಹದಿನೇಳೇ ದಿನಗಳ ತರುವಾಯ, ಜೂನ್ 28ರಂದು, ಆರ್ಮ್‌ಸ್ಟ್ರಾಂಗನು ಚಿಕಾಗೊ ನಗರದಲ್ಲಿ ಅದನ್ನೇ ನುಡಿಸಿದನು. ಮೇಳದ ಸಹಾಯವಿಲ್ಲದೆ ಆತನು ಒಬ್ಬನೇ ಆರಂಭದಲ್ಲಿ ನುಡಿಸುವ ಕೆಲವೇ ಕ್ಷಣಗಳ ಆಲಾಪವು ಜಾಜ್ ಸಂಗೀತದ ಶಿಖರವೆಂದು ಅಂದಿನಿಂದ ಇಂದಿನವರೆಗೆ ಎಣಿಸಲ್ಪಟ್ಟಿದೆ. ಗುರುವಿನ ತಟ್ಟೆಯನ್ನು ಇಂದು ಕೇಳುವವರು ಕಡಿಮೆ. ಕೇಳುವವರೂ ಹೋಲಿಸುವುದಕ್ಕಾಗಿ ಕೇಳುತ್ತಾರೆ.

ಊದುವವನಿಗೆ ಹಲ್ಲುಗಳೇ ಬಂಡವಾಳ. ಆಲಿವರನಿಗೆ ಸಕ್ಕರೆಯ ಮೇಲೆ ಅತಿಯಾದ ಚಾಪಲ್ಯ. ರೊಟ್ಟಿಯ ನಡುವೆ ಸಕ್ಕರೆಯನ್ನು ತುಂಬಿ ತಿನ್ನುತ್ತಿದ್ದನು. ವಸಡು ಕೀವುಗೂಡಿ ಹಲ್ಲುಗಳು ಸಡಿಲವಾದುವು. ಒಂಟಿಯಾಗಿ ನುಡಿಸಬೇಕಾದ ಭಾಗಗಳನ್ನು ಸೋದರಳಿಯನಾದ ಡೇವ್ ನೆಲ್ಸನನಿಗೂ ಇತರರಿಗೂ ಬಿಟ್ಟುಕೊಡಬೇಕಾಯಿತು. 1931ರ ತರುವಾಯ ಆತನ ಒಂದು ತಟ್ಟೆಯೂ ಹೊರಬರಲಿಲ್ಲ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಬ್ಯಾಂಕು ಮುಳುಗಿ ಕೂಡಿಟ್ಟ ಹಣವೂ ಹೋಯಿತು. ಮುರುಕು ಬಸ್ಸಿನಲ್ಲಿ ಮೇಳವನ್ನು ತುಂಬಿಕೊಂಡು ದಕ್ಷಿಣದ ಊರೂರುಗಳನ್ನು ತಿರುಗಿದನು. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟುಹೋದರು. ಕೊನೆಗೆ ಜಾರ್ಜಿಯಾ ಪ್ರಾಂತದ ಸವಾನ ಎಂಬ ಪಟ್ಟಣದಲ್ಲಿ ಆತನು ನಿಂತನು. ಅಲ್ಲಿ ತರಕಾರಿಯ ಗಾಡಿಯಿಟ್ಟನು. ಬಿಲಿಯರ್ಡ್ ಆಟದ ಮನೆಯೊಂದರಲ್ಲಿ ಕಸ ಗುಡಿಸಿದನು.

1937ರಲ್ಲಿ ಆರ್ಮ್‌ಸ್ಟ್ರಾಂಗನ ಮೇಳವು ಸವಾನಕ್ಕೆ ಬಂದಿತು. ತರಕಾರಿಯ ರಾಶಿಯ ಹಿಂದೆ ನಿಂತಿದ್ದ ಗುರುವನ್ನು ಶಿಷ್ಯನು ಕಂಡನು. ತನ್ನ ಜೇಬಿನಲ್ಲಿದ್ದ ಹಣವನ್ನು ಕೊಟ್ಟನು. ಮೇಳದ ಹಳಬರೂ ಕೈಲಾದುದನ್ನು ಕೊಟ್ಟರು. ಅಂದು ಸಂಜೆ ಆಲಿವರನು ಶುಭ್ರವಾದ ಉಡುಪನ್ನು ಧರಿಸಿ, ಹಿಂದಿನ ಅರಸಿನ ಠೀವಿಯಿಂದಲೇ ಬಂದು, ಶಿಷ್ಯನ ಕಚೇರಿಯನ್ನು ಕೇಳಿದನು.

ಆ ವರ್ಷಗಳಲ್ಲಿ ಆತನು ಅಕ್ಕನಿಗೆ ಬರೆದ ಕಾಗದಗಳು 1939ರಲ್ಲಿ 'ಜಾಜ್‌ಮೆನ್' ಎಂಬ ಪುಸ್ತಕದಲ್ಲಿ ಪ್ರಕಟವಾಗಿವೆ. ಅವುಗಳಲ್ಲಿ ದೂರಿಲ್ಲ. ರಕ್ತದ ಒತ್ತಡಕ್ಕೆ ಚಿಕಿತ್ಸೆ ಮಾಡಿಸಲು ಹಣವಿಲ್ಲವೆಂಬ ಸಂಗತಿಯಿದೆ. ನ್ಯೂಯಾರ್ಕಿಗೆ ಹೋಗುವ ರೈಲುಖರ್ಚಿಗೆಂದು ಚಿಲ್ಲರೆ ಕೂಡಿಡುತ್ತಿದ್ದು, ಡಬ್ಬಿಯಲ್ಲಿ 1 ಡಾಲರ್ 60 ಸೆಂಟುಗಳು ಆಗಿವೆಯೆಂಬ ಲೆಕ್ಕವಿದೆ. ಆ ರೈಲನ್ನು ಆತನು ಹತ್ತಲಿಲ್ಲ. 1938ರ ಏಪ್ರಿಲಿನಲ್ಲಿ ಮಿದುಳಿನ ರಕ್ತಸ್ರಾವದಿಂದ ಸವಾನದಲ್ಲಿಯೇ ಮೃತನಾದನು. ಅಕ್ಕ ವಿಕ್ಟೋರಿಯಳು ಮನೆಬಾಡಿಗೆಗೆ ಇಟ್ಟಿದ್ದ ಹಣವನ್ನು ತೆತ್ತು ಶವವನ್ನು ನ್ಯೂಯಾರ್ಕಿಗೆ ತರಿಸಿದಳು. ಉಡ್‌ಲಾನ್ ಶ್ಮಶಾನದಲ್ಲಿ ಮಣ್ಣಾಯಿತು. ಗೋರಿಯ ಮೇಲೆ ಕಲ್ಲಿಡಲು ಆಕೆಯಲ್ಲಿ ಹಣವುಳಿದಿರಲಿಲ್ಲ.

ಮನುಷ್ಯನ ಕಥೆಯು ಇಲ್ಲಿಗೆ ಮುಗಿಯಿತು. ದನಿಯ ಕಥೆಯು ಮುಗಿಯಲಿಲ್ಲ. 1930ರ ದಶಕದಲ್ಲಿಯೇ ಅಮೆರಿಕೆಯಲ್ಲಿಯೂ ಯುರೋಪಿನಲ್ಲಿಯೂ ಕೆಲವರು ಹಳೆಯ ಜಾಜ್ ತಟ್ಟೆಗಳನ್ನು ಗುಜರಿಯಿಂದಲೂ ಅಟ್ಟಗಳಿಂದಲೂ ಹುಡುಕಿ ತರತೊಡಗಿದ್ದರು. ನ್ಯೂಯಾರ್ಕಿನಲ್ಲಿ ಕಮೋಡರ್ ಎಂಬ ಅಂಗಡಿಯನ್ನಿಟ್ಟಿದ್ದ ಮಿಲ್ಟ್ ಗ್ಯಾಬ್ಲರನು ಕಂಪನಿಗಳು ಕೈಬಿಟ್ಟ ಗತ್ತುಗಳನ್ನು ಮರುಮುದ್ರಿಸಿ ಮಾರಿದನು. ಯುದ್ಧಕಾಲದಲ್ಲಿ ಅರಗಿನ ಅಭಾವವುಂಟಾಗಿ 1942ರಲ್ಲಿ ಅಮೆರಿಕೆಯ ಸರ್ಕಾರವು ಅದರ ಬಳಕೆಗೆ ಮಿತಿ ಹಾಕಿತು. ಹಳೆಯ ತಟ್ಟೆಗಳು ರಾಶಿರಾಶಿಯಾಗಿ ಪುಡಿಯಾಗಿ ಹೊಸ ತಟ್ಟೆಗಳಾದುವು. ಆಗ ಯಾರೋ ಒಬ್ಬರು ಕೊಡದೆ ಉಳಿಸಿಕೊಂಡದ್ದೇ ನಮಗೆ ಉಳಿದದ್ದು. 1923ರಲ್ಲಿ ಆಲಿವರನ ಮೇಳವು ನುಡಿಸಿದ ಜೆನೆಟ್ 5275ನೆಯ ಸಂಖ್ಯೆಯ ತಟ್ಟೆಯಲ್ಲಿ ಲೋಕಕ್ಕೆ ತಿಳಿದಿರುವ ಪ್ರತಿ ಒಂದೇ ಒಂದು. ಅದರ ಎರಡು ಮಗ್ಗುಲಿನ ಗತ್ತುಗಳು ಇಂದು ಯಾರ ಕಿವಿಗೆ ಬಿದ್ದರೂ ಆ ಒಂದು ಪ್ರತಿಯ ದೆಸೆಯಿಂದಲೇ ಬಿದ್ದಿರುತ್ತವೆ.

1948ರಲ್ಲಿ ಎಲ್. ಪಿ. ತಟ್ಟೆಯು ಬಂದಿತು. 1953ರಲ್ಲಿ ಬಿಲ್ ಗ್ರೌವರ್ ಮತ್ತು ಆರಿನ್ ಕೀಪ್‌ನ್ಯೂಸ್ ಎಂಬಿಬ್ಬರು ರಿವರ್‌ಸೈಡ್ ಎಂಬ ಸಂಸ್ಥೆಯನ್ನು ಕಟ್ಟಿ, ಜೆನೆಟ್ಟಿನ ಆಲಿವರನನ್ನು ಎಲ್. ಪಿ. ತಟ್ಟೆಗಳಲ್ಲಿ ಹೊರತಂದರು. 2006ರಲ್ಲಿ 1923ರ ಗತ್ತುಗಳೆಲ್ಲವನ್ನೂ ಒಟ್ಟುಗೂಡಿಸಿ 'ಆಫ್ ದಿ ರೆಕಾರ್ಡ್' ಎಂಬ ಹೆಸರಿನ ಸಿ. ಡಿ. ಸಂಪುಟವನ್ನು ಪ್ರಕಟಿಸಿದರು. ಮರುಮುದ್ರಣವೆಂದರೆ ಬರಿಯ ನಕಲಲ್ಲ. ಹಳೆಯ ತಟ್ಟೆಗಳು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗಬೇಕೆಂಬ ನಿಯಮವಿದ್ದರೂ ಮುದ್ರಣಯಂತ್ರಗಳ ವೇಗವು ಒಂದೇ ಸಮನಾಗಿರಲಿಲ್ಲ. ವೇಗವು ತಪ್ಪಿದರೆ ಶ್ರುತಿಯೇ ತಪ್ಪುತ್ತದೆ. ಆದುದರಿಂದ ವಾದ್ಯಗಳಿಗೆ ಸಹಜವಾದ ಶ್ರುತಿ ಯಾವುದೆಂದು ತರ್ಕಿಸಿ ವೇಗವನ್ನು ತಿದ್ದಬೇಕು. ಸವೆತ ಕಡಿಮೆಯಿರುವ ಪ್ರತಿಯನ್ನು ಹುಡುಕಬೇಕು. ಸರಸರ ಸದ್ದನ್ನು ತೊಡೆಯುವ ಭರದಲ್ಲಿ ಕ್ಲಾರಿನೆಟ್ಟಿನ ಉಸಿರನ್ನು ತೊಡೆದುಹಾಕಬಾರದು. ಹಳಗನ್ನಡದ ಕಾವ್ಯವೊಂದರ ಓಲೆಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ವಿದ್ವಾಂಸರ ಶ್ರಮಕ್ಕೂ ಈ ಶ್ರಮಕ್ಕೂ ಅಂತರ ಕಡಿಮೆ.

ಇಂಥ ಸಂಪುಟವನ್ನು ತರಿಸಿ ನಾವೂ ಕೇಳಿದ್ದೇವೆ. ಮೊದಲ ಸಲ ಕೇಳಿದಾಗ ಗದ್ದಲವೇ ಹೆಚ್ಚು. ಮಳೆಯ ಸದ್ದಿನ ಹಿಂದೆ ಯಾರೋ ಜಾತ್ರೆ ನಡೆಸುತ್ತಿರುವಂತೆ ತೋರುತ್ತದೆ. ಎರಡನೆಯ ಸಲ ಕ್ಲಾರಿನೆಟ್ಟನ್ನು ಮಾತ್ರ ಹಿಂಬಾಲಿಸಬೇಕು. ಮೂರನೆಯ ಸಲ ಟ್ರಾಂಬೋನನ್ನು. ನಾಲ್ಕನೆಯ ಸಲಕ್ಕೆ ಜಾತ್ರೆಯಲ್ಲಿ ಮುಖಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆಮೇಲೆ ಎರಡು ಕಾರ್ನೆಟ್ಟುಗಳಲ್ಲಿ ಹತ್ತಿರದ್ದು ಯಾವುದು, ದೂರದ್ದು ಯಾವುದು ಎಂದು ಕಿವಿಗೊಡಬೇಕು. ಹತ್ತಿರವಿರುವವನು ಗುರು. ಹಿಂದೆ, ದೂರದಲ್ಲಿ, ನಿಂತೂ ಅಡಗದವನು ಶಿಷ್ಯ.

ಆ ಶಿಷ್ಯನು 1964ರಲ್ಲಿ ಭಾರತಕ್ಕೂ ಬಂದು ಮುಂಬಯಿಯಲ್ಲಿ ನುಡಿಸಿ ಹೋದನು, 1971ರಲ್ಲಿ ಮಡಿದನು. ಅಮೆರಿಕೆಯ ಕಾಯಿದೆಯಂತೆ 1923ರ ಮುದ್ರಣಗಳ ಮೇಲೆ 2024ರ ಜನವರಿ 1ರಿಂದ ಯಾರ ಹಕ್ಕೂ ಇಲ್ಲ. ಅಲ್ಲಿ ಯಾರು ಬೇಕಾದರೂ ಅವನ್ನು ಅಚ್ಚುಹಾಕಬಹುದು, ಹಂಚಬಹುದು. ಆಲಿವರನು ಈಗ ಎಲ್ಲರ ಸ್ವತ್ತು. ರೈಲುಖರ್ಚಿಗೆಂದು ಆತನು ಇಟ್ಟಿದ್ದ ಡಬ್ಬಿಗೆ ಮಾತ್ರ ಇನ್ನು ಒಂದು ಕಾಸನ್ನೂ ಹಾಕಲು ಬಾರದು.

ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳುವುದು ಇಷ್ಟೆ. ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ತಟ್ಟೆಗಳಿದ್ದರೆ ಅವನ್ನು ಗುಜರಿಗೆ ಹಾಕದಿರಿ. ಅವುಗಳಲ್ಲಿ ಯಾವುದು ಲೋಕದ ಕೊನೆಯ ಪ್ರತಿಯೆಂಬುದನ್ನು ಯಾರು ಬಲ್ಲರು? ಅದಕ್ಕಿಂತ ಮುಖ್ಯವಾಗಿ, ನಿಮಗೆ ಹಾಡನ್ನೋ ತಾಳವನ್ನೋ ಅಕ್ಷರವನ್ನೋ ಕಲಿಸಿದ ಹಿರಿಯರು ನಿಮ್ಮ ಕೇರಿಯಲ್ಲಿ ಇನ್ನೂ ಬದುಕಿದ್ದರೆ ಈ ವಾರವೇ ಹೋಗಿ ಅವರ ಬಾಗಿಲನ್ನು ತಟ್ಟಿರಿ. ತಟ್ಟೆಯು ನೂರು ವರ್ಷ ಕಾಯುತ್ತದೆ. ಮನುಷ್ಯನು ಅಷ್ಟು ಕಾಲ ಕಾಯಲಾರನು.